ಅಗ್ಗದ ಕಿಟ್ಟು, ಎಳೆಯ ಕೈ

"ಮೊದಲು ಅಗ್ಗದ್ದರಲ್ಲಿ ಕೈ ಪಳಗಲಿ, ಒಳ್ಳೆಯದನ್ನು ಆಮೇಲೆ ಕೊಡಿಸಿದರಾಯಿತು." ಮಕ್ಕಳಿಗೆ ಜೋಡಿಸುವ ಮಾದರಿ ಕಾರುಗಳ ಕಿಟ್ ಕೊಳ್ಳುವ ವಿಷಯ ಬಂದಾಗಲೆಲ್ಲ ನಮ್ಮ ನೆಂಟರ ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ. ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ದೂರವಾಣಿಯಲ್ಲಿ ಹೇಳುವುದೂ ಇದನ್ನೇ. ಕೇಳಲು ವಿವೇಕದ ಮಾತಿನಂತಿದೆ. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳ ಕಾಪಿ ಪುಸ್ತಕ ತಿದ್ದಿದ ನನಗೆ ಇದು ತಲೆಕೆಳಗಾದ ವಾದವೆಂದೇ ತೋರುತ್ತದೆ. ಸರಿಯಾಗಿ ಕೂಡದ ಕಿಟ್ ಪಳಗಿದ ಕೈಗೆ ತಕ್ಕುದು. ಎಳೆಯ ಕೈಗೆ ಸಿಕ್ಕುವುದರಲ್ಲಿ ಅತ್ಯುತ್ತಮವಾದುದೇ ಬೇಕು.

ಈ ಹವ್ಯಾಸದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಕರಗಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಲೋಹದ ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸಿ ಕಾರಿನ ಬಿಡಿಭಾಗಗಳನ್ನು ಎರಕ ಹೊಯ್ಯುತ್ತಾರೆ. ಅವು ಒಂದು ಚೌಕಟ್ಟಿಗೆ ಅಂಟಿಕೊಂಡೇ ಪೆಟ್ಟಿಗೆಯಲ್ಲಿ ಬರುತ್ತವೆ. ಅವನ್ನು ಕತ್ತರಿಸಿ, ಉಜ್ಜಿ, ಬಣ್ಣ ಬಳಿದು ಅಂಟಿಸಬೇಕು. ಆ ಅಂಟು ನಮ್ಮ ಫೆವಿಕಾಲ್‌ನಂತಹುದಲ್ಲ. ಪ್ಲಾಸ್ಟಿಕ್ಕಿನ ಮೈಯನ್ನೇ ಕರಗಿಸಿ ಬೆಸೆಯುವಂತಹುದು. ಒಮ್ಮೆ ತಪ್ಪಾಗಿ ಬೆಸೆದರೆ ಬಿಡಿಸುವುದು ಕಷ್ಟ. ಅಳತೆ ಸಾಮಾನ್ಯವಾಗಿ 1:24. ಅಂಬಾಸಡರ್ ಕಾರಿನ ಉದ್ದ ಸುಮಾರು 4.3 ಮೀಟರ್; ಅದನ್ನು 24ರಿಂದ ಭಾಗಿಸಿದರೆ ಸುಮಾರು 18 ಸೆಂಟಿಮೀಟರ್. ನೀವೆಲ್ಲ ನನ್ನ ತರಗತಿಯಲ್ಲಿ ಬೈಸಿಕೊಂಡು ಕಲಿತ ಅನುಪಾತದ ಲೆಕ್ಕವೇ ಇದು. ಅಮೆರಿಕದ ಕಂಪನಿಗಳು ಬಹುಪಾಲು 1:25 ಹಿಡಿದಿವೆ. ವ್ಯತ್ಯಾಸ ನೂರಕ್ಕೆ ನಾಲ್ಕರಷ್ಟು, ಪಕ್ಕಪಕ್ಕದಲ್ಲಿ ಇಟ್ಟರೆ ಮಾತ್ರ ಕಣ್ಣಿಗೆ ಬೀಳುತ್ತದೆ.

ಕಿಟ್ಟಿನ ಗುಣ ನಿಂತಿರುವುದು ಅಚ್ಚಿನ ಮೇಲೆ. ಅಚ್ಚು ಸವೆದಾಗ ಅದರ ಎರಡು ಹೋಳುಗಳ ಸಂದಿನಿಂದ ಪ್ಲಾಸ್ಟಿಕ್ ಜಿನುಗಿ, ಭಾಗಗಳ ಅಂಚಿಗೆ ದೋಸೆಯ ಗರಿಯಂತಹ ಪೊರೆ ಮೂಡುತ್ತದೆ. ಅದನ್ನು ಕೆರೆದು ತೆಗೆಯದಿದ್ದರೆ ಬಾಗಿಲು ಚೌಕಟ್ಟಿಗೆ ಕೂಡುವುದಿಲ್ಲ, ಚಕ್ರ ಅಚ್ಚಿಗೆ ಇಳಿಯುವುದಿಲ್ಲ.

ಈಗ ತಯಾರಕರ ವಿಚಾರ. ಜಪಾನಿನ ಟಮಿಯಾವನ್ನು ಹೊಗಳುವುದು ಹಣವಂತರ ಡೌಲೆಂದು ಕೆಲವರು ಹಾಸ್ಯ ಮಾಡುತ್ತಾರೆ. ಇರಲಿ. ಟಮಿಯಾ ಕಿಟ್ಟಿನ ಭಾಗಗಳು ಒಣಗಿದ ಸ್ಥಿತಿಯಲ್ಲಿಯೇ, ಅಂಟಿಲ್ಲದೆಯೂ, ತಮ್ಮ ಜಾಗದಲ್ಲಿ ಕುಳಿತು ತೋರಿಸುತ್ತವೆ. ಸೂಚನಾ ಹಾಳೆಯ ಚಿತ್ರಗಳು ಎಷ್ಟು ಸ್ಪಷ್ಟವೆಂದರೆ ಇಂಗ್ಲಿಷ್ ಬಾರದ ನಂದಗುಡಿಯ ಹುಡುಗನೂ ಅವನ್ನು ನೋಡಿಯೇ ಕೆಲಸ ಸಾಗಿಸಬಲ್ಲ. ಅದೇ ಶಿಜುವೋಕಾ ಪ್ರಾಂತ್ಯದ ಹಸೆಗಾವಾ, ಫುಜಿಮಿ, ಆವೊಶಿಮಾಗಳಲ್ಲಿ ಆವೊಶಿಮಾದ 1:32 ಅಳತೆಯ ಸ್ನ್ಯಾಪ್ ಕಿಟ್‌ಗಳು ಮೊದಲ ಹೆಜ್ಜೆಗೆ ಬಹಳ ಯೋಗ್ಯ: ಭಾಗಗಳಿಗೆ ಬಣ್ಣ ಮೊದಲೇ ಇರುತ್ತದೆ, ಅಂಟು ಬೇಡ, ಒತ್ತಿದರೆ ಕೂಡುತ್ತವೆ. 2023ರಿಂದ ನಮ್ಮ ರಸ್ತೆಗಳಲ್ಲಿ ಕಾಣುವ ಸುಜುಕಿ ಜಿಮ್ನಿಯ ಮೂರು ಬಾಗಿಲಿನ ಅಣ್ಣನೂ ಆ ಸರಣಿಯಲ್ಲಿದ್ದಾನೆ. ಫುಜಿಮಿಯ ಹಳೆಯ ಪೋರ್ಷೆ ಸರಣಿ ಅತಿ ಸೂಕ್ಷ್ಮ. ಹತ್ತು ಕಿಟ್ ಮುಗಿಸಿದವರು ಮುಟ್ಟಬೇಕು.

ಅಮೆರಿಕದ ಎಎಂಟಿ 1948ರಲ್ಲಿ ಹುಟ್ಟಿದ್ದು. 1958ರಿಂದ ಒಂದೇ ಪೆಟ್ಟಿಗೆಯ ಭಾಗಗಳಿಂದ ಮೂರು ಬಗೆಯಲ್ಲಿ ಕಾರು ಕಟ್ಟುವ ಕಿಟ್‌ಗಳನ್ನು ಮಾರಿ ಹೆಸರಾಯಿತು. ಇಂದು ರೌಂಡ್ 2 ಎಂಬ ಸಂಸ್ಥೆಯ ಕೈಯಲ್ಲಿದ್ದು, 1960ರ ದಶಕದ ಅಚ್ಚುಗಳಿಂದಲೇ ಎಷ್ಟೋ ಕಾರುಗಳನ್ನು ಮರಳಿ ಹೊರತರುತ್ತಿದೆ. ಆಸೆ ಹುಟ್ಟಿಸುವ ಪೆಟ್ಟಿಗೆಗಳು, ಒಳಗೆ ಕೆರೆಯುವ ಕೆಲಸ ಬೇಕಾದಷ್ಟು. ಇಂಗ್ಲೆಂಡಿನ ಏರ್‌ಫಿಕ್ಸ್‌ನ 1:32 ಕಾರುಗಳಲ್ಲಿ ಹಲವೂ ಅದೇ ಕಾಲದ ಅಚ್ಚುಗಳು. ಅದರ ಅಂಟಿಲ್ಲದ ಕ್ವಿಕ್‌ಬಿಲ್ಡ್ ಸರಣಿಯ ಮಾತು ಬೇರೆ. ರೆವೆಲ್ ವಿಷಯದಲ್ಲಿ ಒಂದು ಎಚ್ಚರ ಬೇಕು. ಅದು ತನ್ನ ಹಳೆಯ ಅಚ್ಚುಗಳನ್ನೂ ಬೇರೆಯವರ ಅಚ್ಚುಗಳನ್ನೂ ಹೊಸ ಪೆಟ್ಟಿಗೆಯಲ್ಲಿ ಇಟ್ಟು ಮಾರುತ್ತದೆ. ಪೆಟ್ಟಿಗೆಯ ವಯಸ್ಸು ಬೇರೆ, ಅಚ್ಚಿನ ವಯಸ್ಸು ಬೇರೆ. ಕೊಳ್ಳುವ ಮುನ್ನ ಅಚ್ಚು ಯಾವ ವರ್ಷದ್ದೆಂದು ವಿಚಾರಿಸಿ.

ನಾನು ನಿವೃತ್ತನಾಗುವುದಕ್ಕೆ ಎರಡು ವರ್ಷ ಮೊದಲು ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಗೆ ಹನ್ನೆರಡು ಕಿಟ್ ಕಳುಹಿಸಿದ್ದ. ಉದ್ದೇಶ ಒಳ್ಳೆಯದೇ. ತಯಾರಿಸಿದವರ ಹೆಸರು ಇಲ್ಲಿ ಬೇಡ, ಅಗ್ಗದ ಮಾಲು. ಏಳನೆಯ ತರಗತಿಯ ಹುಡುಗನೊಬ್ಬ, ರೇಷ್ಮೆ ಹುಳುವಿನ ತಟ್ಟೆಗಳ ನಡುವೆ ಬೆಳೆದ ನಾಜೂಕು ಬೆರಳಿನವನು, ಮೂರು ದಿನ ಕುಳಿತು ಜೋಡಿಸಿದ. ಬಾನೆಟ್ ಒಂದು ಕಡೆ ಎದ್ದು ನಿಂತಿತು, ಮುಂದಿನ ಚಕ್ರ ನೆಲ ಮುಟ್ಟಲಿಲ್ಲ. "ನನ್ನ ಕೈಯೇ ಸರಿಯಿಲ್ಲ ಸಾರ್" ಎಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಹೋದ. ನಾನು ಆ ಭಾಗಗಳನ್ನು ಅಳೆದು ನೋಡಿದೆ. ಚಾಸಿಯೇ ತಿರುಚಿಕೊಂಡಿತ್ತು. ಕರೆದು ತೋರಿಸಿದೆ, ವಿವರಿಸಿದೆ. ಅವನು ತಲೆಯಾಡಿಸಿದ, ನಂಬಲಿಲ್ಲ. ಮತ್ತೊಂದು ಪೆಟ್ಟಿಗೆಗೆ ಕೈ ಹಾಕಲಿಲ್ಲ.

ಪಳಗಿದವನು ಕಿಟ್ಟಿನ ದೋಷವನ್ನು ಕಿಟ್ಟಿನದೆಂದು ಗುರುತಿಸಿ, ತಯಾರಕನನ್ನು ಬೈದು, ಅರ ಹಿಡಿದು ಕೂರುತ್ತಾನೆ. ಮಗುವಿಗೆ ಆ ವಿವೇಚನೆ ಇರುವುದಿಲ್ಲ. ಮುದ್ರಿತವಾಗಿ, ಅಂಗಡಿಯಿಂದ, ದುಡ್ಡು ಕೊಟ್ಟು ತಂದುದರಲ್ಲಿ ತಪ್ಪಿರಬಹುದೆಂದು ಅದು ಊಹಿಸಲಾರದು.

ಇದಕ್ಕೆ ನನ್ನ ತಮ್ಮನ ಆಕ್ಷೇಪ ಹೀಗಿದೆ: "ನಾವು ಜೋಳದ ದಂಟಿನಲ್ಲಿ ಗಾಡಿ ಮಾಡಲಿಲ್ಲವೇ? ಸವೆದ ಹವಾಯಿ ಚಪ್ಪಲಿ ಕೊಯ್ದು ಚಕ್ರ ಮಾಡಲಿಲ್ಲವೇ? ಆಗ ಯಾವ ಜಪಾನ್ ಇತ್ತು?" ಮಾಡಿದೆವು, ಅದು ಘನವಾದ ವಿದ್ಯೆಯೇ ಸರಿ. ಆದರೆ ದಂಟು ನಮಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ. ವಕ್ರವಾದರೆ ಬಿಸಾಡಿ ಇನ್ನೊಂದು ಮುರಿದುಕೊಳ್ಳುತ್ತಿದ್ದೆವು. ಗಾಡಿ ಹೇಗಿರಬೇಕೆಂದು ತೀರ್ಮಾನಿಸುವವರೂ ನಾವೇ ಆಗಿದ್ದೆವು. ಕಿಟ್ಟಿನ ಪೆಟ್ಟಿಗೆಯ ಮೇಲೆ ಹೊಳೆಯುವ ಕಾರಿನ ಚಿತ್ರವಿದೆ, ಒಳಗೆ ಇಪ್ಪತ್ತನೆಯ ಭಾಗ ಇಪ್ಪತ್ತೊಂದನೆಯದಕ್ಕೆ ಕೂಡುತ್ತದೆಂಬ ಆಶ್ವಾಸನೆಯಿದೆ. ಆ ಮಾತಿಗೆ ತಪ್ಪುವ ವಸ್ತುವನ್ನು ದಂಟಿಗೆ ಹೋಲಿಸುವುದು ನ್ಯಾಯವಲ್ಲ. ಅಗ್ಗವೇ ಬೇಕಾದರೆ ದಂಟನ್ನೇ ಕೊಡಿ, ನನ್ನ ತಕರಾರಿಲ್ಲ.

ಕೂಡದ ಕಿಟ್ ತಾಳ್ಮೆ ಕಲಿಸುತ್ತದೆಂಬ ಇನ್ನೊಂದು ವಾದವಿದೆ. ಮುರಿದ ನಿಬ್ಬಿನಿಂದ ಅಕ್ಷರ ದುಂಡಗಾಗುತ್ತದೆ ಎಂದಂತಾಯಿತು. ಬಣ್ಣ ಒಣಗುವವರೆಗೆ ಕಾಯುವುದಕ್ಕೆ, ಕೂದಲೆಳೆಯಂತಹ ಕ್ರೋಮ್ ಪಟ್ಟಿಗೆ ಕುಂಚ ಹಿಡಿಯುವುದಕ್ಕೆ ಬೇಕಾದ ತಾಳ್ಮೆ ಉತ್ತಮ ಕಿಟ್ಟಿನಲ್ಲಿಯೂ ಧಾರಾಳವಾಗಿ ಇದೆ.

ಬೆಲೆಯ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಸುಂಕದ ಪಟ್ಟಿಯಲ್ಲಿ ಮಾದರಿ ಕಿಟ್‌ಗಳು ಆಟಿಕೆಗಳ ಜೊತೆಯಲ್ಲಿಯೇ ಇವೆ. ಕೇಂದ್ರ ಸರ್ಕಾರ 2020ರ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ. 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಿತು. ದೇಶೀಯ ಉದ್ಯಮ ಬೆಳೆಯಲೆಂದು ಹೇಳಿದರು. ಬೆಳೆಯಲಿ, ಕೊಪ್ಪಳದ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರಲ್ಲಿ ಅಡಿಗಲ್ಲೂ ಬಿತ್ತು. ಆದರೆ ನಮ್ಮ ಕಾರುಗಳ ಕಿಟ್ ಎಲ್ಲಿ? ಜರ್ಮನಿಯವರು 1991ರಲ್ಲಿ ನಿಂತುಹೋದ ಟ್ರಾಬಾಂಟ್ ಎಂಬ ಹೊಗೆಯುಗುಳುವ ಬಡ ಕಾರಿಗೂ ರೆವೆಲ್ ಕಿಟ್ ಮಾಡಿಕೊಂಡಿದ್ದಾರೆ. ಇಟಲಿಯ ಫಿಯಟ್ 500ಕ್ಕೆ ಟಮಿಯಾದಲ್ಲೂ ಇಟಲೆರಿಯಲ್ಲೂ ಸ್ಥಾನವಿದೆ. 2014ರವರೆಗೆ ತಯಾರಾದ ಅಂಬಾಸಡರ್ ನಾನು ನೋಡಿದ ಯಾವ ಕಿಟ್ ಪಟ್ಟಿಯಲ್ಲೂ ಇಲ್ಲ; ಹಿಂದಕ್ಕೆಳೆದು ಬಿಡುವ ಆಟಿಕೆಯಾಗಿ ಮಾತ್ರ ಅಂಗಡಿಯಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿಯೇ ಹುಟ್ಟಿದ ಸಿಪಾನಿ ಡಾಲ್ಫಿನ್, ರೇವಾಗಳನ್ನು ಕೇಳುವವರೇ ಇಲ್ಲ. ನಮ್ಮ ಹೊಸಕೋಟೆಯಲ್ಲಿ 1998ರಿಂದ ವೋಲ್ವೋ ಲಾರಿಗಳು ತಯಾರಾಗುತ್ತಿವೆ. ಅವುಗಳ ಮಾದರಿ ಕಟ್ಟಬೇಕೆಂದರೆ ಇಟಲೆರಿಯ ಪೆಟ್ಟಿಗೆ ಇಟಲಿಯಿಂದ ಬರಬೇಕು.

ಶಿಜುವೋಕಾ ಒಂದು ಕಾಲಕ್ಕೆ ಮರಗೆಲಸದ ಊರು. ಟಮಿಯಾ ಕೂಡ 1946ರಲ್ಲಿ ಮರ ಕೊಯ್ಯುವ ಮಿಲ್ಲಾಗಿ ಆರಂಭವಾದದ್ದು, ಮೊದಲು ಮಾಡಿದ್ದು ಮರದ ಮಾದರಿಗಳನ್ನೇ. ಚನ್ನಪಟ್ಟಣದವರಿಗೆ ಅರಗಿನ ಬಣ್ಣದ ಸಿದ್ಧ ಕಾರು ಮಾಡುವ ಕೈಯಿದೆ. ಹಾಲೆ ಮರದ ಭಾಗಗಳನ್ನು ಅಳತೆಗೆ ಕಡೆದು, ನಕ್ಷೆಯೊಂದಿಗೆ ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಕೊಡುವ ಅಂಬಾಸಡರನ್ನು ಅವರಿಂದ ಮಾಡಿಸಲು ಯಾವ ಸುಂಕವೂ ಅಡ್ಡಬಾರದು.

ಅಲ್ಲಿಯವರೆಗೆ, ಹೊರದೇಶದಿಂದ ಬರುವವರು ನಾಲ್ಕು ಅಗ್ಗದ ಪೆಟ್ಟಿಗೆಗಳ ಬದಲು ಒಂದು ಸ್ನ್ಯಾಪ್ ಕಿಟ್ಟನ್ನೋ ಟಮಿಯಾವನ್ನೋ ತನ್ನಿ. ಅಂಟಿನ ಶೀಶೆ ತೆರೆದಾಗ ಕಿಟಕಿಯೂ ತೆರೆದಿರಲಿ, ದೊಡ್ಡವರೊಬ್ಬರು ಜೊತೆಯಲ್ಲಿರಲಿ. ಈಗಾಗಲೇ ಹಳೆಯ ಅಚ್ಚಿನ ಎಎಂಟಿ ಕೊಂಡಿರುವವರು ಅದನ್ನು ನನಗೆ ಕಳುಹಿಸಬಹುದು. ಅರವೂ ಉಪ್ಪುಕಾಗದವೂ ನನ್ನಲ್ಲಿವೆ, ಸಮಯವೂ ಇದೆ.