ಕಿರುಚಿತ್ರಕ್ಕೆ ಅಂಕ: ಅಳೆಯುತ್ತಿರುವುದು ಏನನ್ನು?

2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗವಾದ ‘ಲಾ ಸಿನೆಫ್’ನಲ್ಲಿ ಮೊದಲ ಬಹುಮಾನ ಕನ್ನಡದ ಕಿರುಚಿತ್ರವೊಂದಕ್ಕೆ ಸಂದಿತು. ಮೈಸೂರಿನ ಚಿದಾನಂದ ಎಸ್. ನಾಯಕ್ ನಿರ್ದೇಶಿಸಿದ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಈ ಚಿತ್ರದ ಕಥೆ ನಮ್ಮ ಜನಪದದ್ದು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ. ಬೆಳಗಾಗುವುದೇ ನಿಂತು ಊರು ಕತ್ತಲಲ್ಲಿ ಮುಳುಗುತ್ತದೆ. ಜಗತ್ತಿನ 555 ಚಿತ್ರಶಾಲೆಗಳಿಂದ ಬಂದಿದ್ದ 2,263 ಚಿತ್ರಗಳ ಪೈಕಿ ಸ್ಪರ್ಧೆಗೆ ಆಯ್ಕೆಯಾಗಿದ್ದು 18. ಅವುಗಳಲ್ಲಿ ಮೊದಲನೆಯದೆಂದು ತೀರ್ಪುಗಾರರು ಆರಿಸಿದ್ದು ಇದನ್ನು.

ಅಭಿನಂದನೆಗಳ ಸಂಭ್ರಮದಲ್ಲಿ ಹಿನ್ನೆಲೆಗೆ ಸರಿದ ಸಂಗತಿಯೊಂದಿದೆ. ಈ ಹದಿನಾರು ನಿಮಿಷಗಳ ಚಿತ್ರ ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯ ಒಂದು ವರ್ಷದ ಟೆಲಿವಿಷನ್ ಕೋರ್ಸಿನ ವರ್ಷಾಂತ್ಯದ ಅಭ್ಯಾಸವಾಗಿತ್ತು. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಶಬ್ದಗ್ರಹಣ ವಿಭಾಗಗಳಲ್ಲಿ ಬೇರೆಬೇರೆಯಾಗಿ ಕಲಿತವರು ಒಂದೆಡೆ ಸೇರಿ ನಾಲ್ಕು ದಿನಗಳಲ್ಲಿ ಅದನ್ನು ಚಿತ್ರೀಕರಿಸಿದ್ದರು. ಅಂದರೆ, ಕಾನ್ ತಲುಪುವ ಮೊದಲು ಅದು ಒಂದು ಉತ್ತರಪತ್ರಿಕೆ. ಹಾಗಿದ್ದರೆ ನಮ್ಮ ಕಾಲೇಜುಗಳಲ್ಲಿ ಪ್ರತಿವರ್ಷ ತಯಾರಾಗುವ ಇಂತಹ ಉತ್ತರಪತ್ರಿಕೆಗಳನ್ನು ನಾವು ಹೇಗೆ ನೋಡುತ್ತಿದ್ದೇವೆ?

ಪತ್ರಿಕೋದ್ಯಮ ಮತ್ತು ದೃಶ್ಯ ಸಂವಹನವನ್ನು ಕಲಿಸುವ ಅನೇಕ ಕಾಲೇಜುಗಳಲ್ಲಿ ಇಂದು ಕಿರುಚಿತ್ರ ಪಠ್ಯದ ಭಾಗ. ಸೆಮಿಸ್ಟರಿನ ಕೊನೆಯ ವಾರ ಪೆನ್‌ಡ್ರೈವ್‌ಗಳು ವಿಭಾಗ ಮುಖ್ಯಸ್ಥರ ಮೇಜಿನ ಮೇಲೆ ಬಂದು ಬೀಳುತ್ತವೆ. ಬಾಹ್ಯ ಪರೀಕ್ಷಕರು ಒಂದು ಮಧ್ಯಾಹ್ನ ಲ್ಯಾಪ್‌ಟಾಪಿನ ಮುಂದೆ ಕುಳಿತು, ಅದರ ಪುಟ್ಟ ಸ್ಪೀಕರಿನಲ್ಲೇ ಎಲ್ಲವನ್ನೂ ಕೇಳಿ ಮುಗಿಸುತ್ತಾರೆ. ಕಥಾವಸ್ತುವಿಗೆ ಇಷ್ಟು, ಛಾಯಾಗ್ರಹಣಕ್ಕೆ ಇಷ್ಟು, ಸಂಕಲನಕ್ಕೆ ಇಷ್ಟು ಎಂದು ಅಂಕಗಳು ಹಂಚಿಹೋಗುತ್ತವೆ. ಪಟ್ಟಿಯ ಕೊನೆಯಲ್ಲಿ ‘ಸಾಮಾಜಿಕ ಸಂದೇಶ’ ಎಂಬ ಸಾಲೊಂದು ಇದ್ದರೂ ಆಶ್ಚರ್ಯವಿಲ್ಲ. ತಂಡದಲ್ಲಿ ಐವರಿದ್ದರೆ ಐವರಿಗೂ ಒಂದೇ ಅಂಕ.

ಈ ಪದ್ಧತಿಯನ್ನು ಯಾರೂ ಕೆಟ್ಟ ಉದ್ದೇಶದಿಂದ ರೂಪಿಸಿಲ್ಲ. ಆದರೆ ವಿದ್ಯಾರ್ಥಿಗಳು ಪರೀಕ್ಷೆಗೆ ತಕ್ಕಂತೆಯೇ ಕಲಿಯುತ್ತಾರೆ. ಸಂದೇಶಕ್ಕೆ ಅಂಕವಿದೆಯೆಂದು ಗೊತ್ತಾದ ಕೂಡಲೇ ವೃದ್ಧಾಶ್ರಮ, ಮಾದಕ ವ್ಯಸನ, ಮೊಬೈಲ್ ಗೀಳು ಇವಿಷ್ಟರಲ್ಲೇ ಕಥೆಗಳು ಸುತ್ತತೊಡಗುತ್ತವೆ. ತನ್ನ ಬೀದಿಯಲ್ಲಿ, ತನ್ನ ಮನೆಯ ಅಡುಗೆಕೋಣೆಯಲ್ಲಿ ಕಂಡದ್ದನ್ನು ಹೇಳಬಯಸುವ ಹುಡುಗಿಗೆ ಅದರಲ್ಲಿ ‘ಮೆಸೇಜ್’ ಏನಿದೆ ಎಂಬ ಪ್ರಶ್ನೆ ಎದುರಾಗುತ್ತದೆ. ಮುದುಕಿ ಹುಂಜ ಕದ್ದ ಕಥೆಗೆ ಆ ಸಾಲಿನಲ್ಲಿ ಎಷ್ಟು ಅಂಕ ಬರುತ್ತಿತ್ತೋ ಊಹಿಸುವುದು ಕಷ್ಟವೇನಲ್ಲ. ಇನ್ನು ತೆರೆಯ ಮೇಲಿನ ಹೊಳಪೇ ಅಳತೆಗೋಲಾದರೆ ಬಾಡಿಗೆಯ ಕ್ಯಾಮೆರಾ, ಡ್ರೋನ್, ಹಣ ಕೊಟ್ಟು ಮಾಡಿಸಿದ ಬಣ್ಣ ಹೊಂದಾಣಿಕೆ ಇವೆಲ್ಲ ವಿದ್ಯೆಯ ವೇಷ ತೊಡುತ್ತವೆ. ತಂದೆ ಖರ್ಚು ಮಾಡಬಲ್ಲ ವಿದ್ಯಾರ್ಥಿಗೂ ಹಾಸ್ಟೆಲ್ ಶುಲ್ಕಕ್ಕೆ ಪರದಾಡುವ ವಿದ್ಯಾರ್ಥಿಗೂ ನಡುವಿನ ಅಂತರ ಹೀಗೆ ಅಂಕಪಟ್ಟಿಯಲ್ಲಿ ಅಧಿಕೃತವಾಗಿ ದಾಖಲಾಗುತ್ತದೆ.

ಅಳೆಯಬೇಕಾದದ್ದು ಸಿದ್ಧವಾದ ಚಿತ್ರವನ್ನು ಮಾತ್ರವಲ್ಲ, ಅದು ಸಿದ್ಧವಾದ ಬಗೆಯನ್ನು. ಒಂದು ಸರಳ ದೃಶ್ಯ ತೆಗೆದುಕೊಳ್ಳೋಣ. ತಾಯಿ ಬಾಗಿಲಲ್ಲಿ ನಿಂತು ಮಗನಿಗೆ ಬುತ್ತಿ ಕೊಡುತ್ತಾಳೆ. ಆಕೆಯದೊಂದು ಶಾಟ್, ಅವನದೊಂದು. ಎರಡನ್ನೂ ಜೋಡಿಸಿ ನೋಡಿದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಾಣುತ್ತದೆ. ಇಬ್ಬರ ನಡುವಿನ ಕಾಲ್ಪನಿಕ ರೇಖೆಯನ್ನು ಕ್ಯಾಮೆರಾ ದಾಟಿದ್ದೇ ಇದಕ್ಕೆ ಕಾರಣ. ಪೆನ್‌ಡ್ರೈವಿನಲ್ಲಿ ಬಂದ ಚಿತ್ರದಲ್ಲಿ ಇದು ಕೇವಲ ತಪ್ಪು. ಅರ್ಧ ಅಂಕ ಕಡಿತ. ಅದೇ ದೃಶ್ಯದ ಕಚ್ಚಾ ತುಣುಕುಗಳನ್ನೂ ಮೊದಲ ಜೋಡಣೆಯನ್ನೂ ಅಧ್ಯಾಪಕರು ಎರಡು ವಾರ ಮೊದಲೇ ನೋಡಿದ್ದರೆ, ವಿದ್ಯಾರ್ಥಿ ಮತ್ತೆ ಹೋಗಿ ಒಂದು ಶಾಟ್ ತೆಗೆದು ತರುತ್ತಿದ್ದ. ಅಥವಾ ತಾನು ಬೇಕೆಂದೇ ಹಾಗೆ ಮಾಡಿದೆನೆಂದು, ತಾಯಿ ಮಗನ ನಡುವೆ ಮಾತು ಕಡಿದಿದೆಯೆಂದು ವಾದಿಸುತ್ತಿದ್ದ. ಎರಡೂ ಕಲಿಕೆಯೇ. ಶಬ್ದದ ಮಾತಂತೂ ಕೇಳುವುದೇ ಬೇಡ. ಚಿತ್ರೀಕರಣ ನಡೆದ ಕೋಣೆಯ ಮೌನವನ್ನು ಒಂದು ನಿಮಿಷ ಪ್ರತ್ಯೇಕವಾಗಿ ಧ್ವನಿಮುದ್ರಿಸಿಕೊಳ್ಳಬೇಕೆಂಬ ಪಾಠವನ್ನು ಕಲಿತ ವಿದ್ಯಾರ್ಥಿ ಯಾರು, ದೋಷಗಳನ್ನು ಹಿನ್ನೆಲೆ ಸಂಗೀತದಡಿ ಹೂತವನು ಯಾರು ಎಂಬುದು ಮುಗಿದ ಚಿತ್ರ ನೋಡಿದರೆ ತಿಳಿಯದು. ಚಿತ್ರಕಥೆ, ಸಂಗೀತ, ಕೆಲವೊಮ್ಮೆ ದೃಶ್ಯಗಳನ್ನೇ ಕೃತಕ ಬುದ್ಧಿಮತ್ತೆ ಕ್ಷಣಾರ್ಧದಲ್ಲಿ ಒದಗಿಸುವ ಈ ದಿನಗಳಲ್ಲಿ ಕರಡುಗಳನ್ನು ನೋಡದೆ ಅಂಕ ನೀಡುವುದು ಇನ್ನಷ್ಟು ಅಪಾಯಕಾರಿ.

ಮಿತಿಗಳ ಬಗ್ಗೆಯೂ ಒಂದು ಮಾತು. 35 ಮಿ.ಮೀ. ಫಿಲ್ಮಿನ ಕಾಲದಲ್ಲಿ 400 ಅಡಿಯ ಸುರುಳಿಯೊಂದು ಓಡುತ್ತಿದ್ದುದು ನಾಲ್ಕೂವರೆ ನಿಮಿಷಕ್ಕೂ ಕಡಿಮೆ. ಪ್ರತಿ ಅಡಿಗೂ ಹಣ ತೆರಬೇಕಿದ್ದುದರಿಂದ ಗುಂಡಿ ಒತ್ತುವ ಮುನ್ನ ಯೋಚಿಸುವುದು ಅನಿವಾರ್ಯವಾಗಿತ್ತು. ಗಿರೀಶ ಕಾಸರವಳ್ಳಿ ಪುಣೆಯಲ್ಲಿ ತಮ್ಮ ಡಿಪ್ಲೊಮಾ ಚಿತ್ರ ‘ಅವಶೇಷ್’ ಮಾಡಿದ್ದು ಅಂತಹ ಶಿಸ್ತಿನಲ್ಲಿ; ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು. (ಕಾಸರವಳ್ಳಿ ಫಾರ್ಮಸಿ ಪದವೀಧರರು, ಚಿದಾನಂದ ನಾಯಕ್ ವೈದ್ಯರು. ಪಿಯುಸಿಯ ನಂತರ ಮಕ್ಕಳ ದಾರಿ ಶಾಶ್ವತವಾಗಿ ತೀರ್ಮಾನವಾಯಿತೆಂದು ನಂಬುವ ಪೋಷಕರು ಗಮನಿಸಬಹುದು.) ಡಿಜಿಟಲ್ ಯುಗದಲ್ಲಿ ಆ ಮಿತಿ ತಾನಾಗಿ ಬರುವುದಿಲ್ಲ, ಅಧ್ಯಾಪಕರೇ ವಿಧಿಸಬೇಕು: ಇಷ್ಟೇ ಶಾಟ್, ಇಷ್ಟೇ ದಿನ, ಎಲ್ಲರಿಗೂ ಒಂದೇ ಬಗೆಯ ಕ್ಯಾಮೆರಾ. ಹಣದ ಅಂತರವನ್ನು ತಗ್ಗಿಸುವ ದಾರಿಯೂ ಇದೇ.

ಮೌಲ್ಯಮಾಪನ ಆಡಳಿತದ ಕೈಗೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಪುಣೆಯಲ್ಲೇ ನಿದರ್ಶನವಿದೆ. ಅಧ್ಯಕ್ಷರ ನೇಮಕವನ್ನು ವಿರೋಧಿಸಿ 2015ರ ಜೂನ್‌ನಲ್ಲಿ ಆರಂಭವಾಗಿ 139 ದಿನ ನಡೆದ ವಿದ್ಯಾರ್ಥಿ ಮುಷ್ಕರದ ನಡುವೆ, 2008ರ ತಂಡದ ಅಪೂರ್ಣ ಡಿಪ್ಲೊಮಾ ಚಿತ್ರಗಳನ್ನು ಇದ್ದ ಸ್ಥಿತಿಯಲ್ಲೇ ಮೌಲ್ಯಮಾಪನ ಮಾಡಲು ಸಂಸ್ಥೆ ತೀರ್ಮಾನಿಸಿತು. ವಿದ್ಯಾರ್ಥಿಗಳು ನಿರ್ದೇಶಕರಿಗೆ ಘೇರಾವ್ ಹಾಕಿದರು. ಆಗಸ್ಟ್‌ನಲ್ಲಿ ಮಧ್ಯರಾತ್ರಿ ಆವರಣಕ್ಕೆ ಬಂದ ಪೊಲೀಸರು ಐವರನ್ನು ಬಂಧಿಸಿದರು. ಏಳು ವರ್ಷವಾದರೂ ಮುಗಿಯದ ಚಿತ್ರ ಯಾರಿಗೂ ಶೋಭೆ ತರುವಂಥದ್ದಲ್ಲ. ಆದರೆ ಜೋಡಣೆಯಾಗದ ಚಿತ್ರಕ್ಕೆ ಅಂಕ ಹಾಕಿ ಕಡತ ಮುಚ್ಚುವುದು ಸಹ ಮೌಲ್ಯಮಾಪನವಲ್ಲ, ಅದು ಲೆಕ್ಕ ತೀರಿಸುವ ಕೆಲಸ. ಪ್ರತಿ ಹಂತದಲ್ಲೂ ನೋಡುವ ಕಣ್ಣಿದ್ದಿದ್ದರೆ ಚಿತ್ರಗಳು ಅಷ್ಟು ಕಾಲ ಬಾಕಿ ಉಳಿಯುತ್ತಿರಲಿಲ್ಲ.

ಅಂತಹ ಕಣ್ಣು ಎಲ್ಲಿಂದ ಬರಬೇಕು? ಚಿತ್ರ ನೋಡುವುದೂ ಕಲಿಯಬೇಕಾದ ವಿದ್ಯೆ ಎಂಬುದನ್ನು ಹೆಗ್ಗೋಡಿನಂತಹ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು 1970ರ ದಶಕದಲ್ಲಿಯೇ ನೀನಾಸಂ ಚಿತ್ರಸಮಾಜದ ಮೂಲಕ ತೋರಿಸಿಕೊಟ್ಟರು. ನಗರದ ಕಾಲೇಜುಗಳ ಅನೇಕ ಅಧ್ಯಾಪಕರಿಗೆ ಇಂದಿಗೂ ಅಂತಹ ತರಬೇತಿ ಸಿಗುತ್ತಿಲ್ಲ. ಕಿರುಚಿತ್ರವನ್ನು ಪಠ್ಯಕ್ಕೆ ಸೇರಿಸಿದ ವಿಶ್ವವಿದ್ಯಾಲಯಗಳು ಅಧ್ಯಾಪಕರಿಗೆ ಹತ್ತು ದಿನಗಳ ರಸಗ್ರಹಣ ಶಿಬಿರವನ್ನಾದರೂ ಕಡ್ಡಾಯಗೊಳಿಸಬೇಕು.

ಅರವತ್ತು ವಿದ್ಯಾರ್ಥಿಗಳಿರುವ ತರಗತಿಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಚಿತ್ರ ಹದಿನೈದು ನಿಮಿಷ ಇರಲೇಬೇಕೆಂಬ ನಿಯಮವೇಕೆ? ಐವರ ಹನ್ನೆರಡು ತಂಡಗಳು ತಲಾ ಮೂರು ನಿಮಿಷದ ಚಿತ್ರ ಮಾಡಿದರೆ ಒಟ್ಟು ಮೂವತ್ತಾರು ನಿಮಿಷ. ಒಂದು ಪೀರಿಯಡ್ಡಿನಲ್ಲಿ ನೋಡಿ ಮುಗಿಸಬಹುದು. ಮೊದಲ ಜೋಡಣೆಗೊಮ್ಮೆ, ಕೊನೆಯ ರೂಪಕ್ಕೊಮ್ಮೆ, ಎರಡು ಬಾರಿ ಇಡೀ ತರಗತಿ ಒಟ್ಟಾಗಿ, ಒಳ್ಳೆಯ ಸ್ಪೀಕರ್ ಇರುವ ಸಭಾಂಗಣದಲ್ಲಿ ನೋಡಲಿ. ಅಂಕದ ಅರ್ಧ ಭಾಗ ಚಿತ್ರಕಥೆಯ ಕರಡು, ಶಾಟ್ ವಿಭಜನೆ, ಎರಡು ಜೋಡಣೆಗಳ ನಡುವಿನ ಬದಲಾವಣೆಗೆ ಮೀಸಲಾಗಲಿ. ಮೌಖಿಕ ಪರೀಕ್ಷೆಯಲ್ಲಿ ನಿರ್ದೇಶಕನನ್ನಷ್ಟೇ ಅಲ್ಲ, ಮೈಕ್ ಹಿಡಿದು ನಿಂತವಳನ್ನೂ ಕರೆದು, ಆ ಬುತ್ತಿಯ ದೃಶ್ಯದಲ್ಲಿ ಫ್ಯಾನ್ ಆರಿಸಿದ್ದೆಯಾ ಎಂದು ಕೇಳಲಿ.