ಆಪರೇಷನ್‌ಗೆ ಮುನ್ನ ಮತ್ತು ಬರಿಸುವ ಡಾಕ್ಟರನ್ನೂ ಕೇಳಿ

ಆಪರೇಷನ್ ಥಿಯೇಟರ್‌ನಲ್ಲಿ ರೋಗಿ ತೀರಿಕೊಂಡರೆ ನಮ್ಮಲ್ಲಿ ನಡೆಯೋದು ಎರಡೇ. ಒಂದೋ ಆಸ್ಪತ್ರೆ ಎದುರು ಗಲಾಟೆ, ಇಲ್ಲವೇ 'ವಿಧಿ' ಎಂದು ಮೌನ. ಏನು ತಪ್ಪಾಯಿತು ಎಂಬ ಪ್ರಶ್ನೆ ಎರಡರಲ್ಲೂ ಕಳೆದುಹೋಗುತ್ತದೆ.

ಬಟ್ಟೆ ವ್ಯಾಪಾರಕ್ಕೆಂದು ನಾನು ಇಚಲಕರಂಜಿಗೆ ಹೋಗಿಬರುತ್ತೇನೆ. ನಿಪ್ಪಾಣಿ, ಸಂಕೇಶ್ವರ ಕಡೆಯ ಕನ್ನಡಿಗರು ಚಿಕಿತ್ಸೆಗೆ ಕೊಲ್ಹಾಪುರ, ಗಡಹಿಂಗ್ಲಜ್ ಬಸ್ ಹತ್ತುವುದು ಅಲ್ಲಿ ಮಾಮೂಲು. ಪರಿಚಯದ ವ್ಯಾಪಾರಿಯೊಬ್ಬರು ಪತ್ನಿಯ ಆಪರೇಷನ್‌ಗೆ ಮರಾಠಿ ಒಪ್ಪಿಗೆ ಪತ್ರಕ್ಕೆ ಓದದೆಯೇ ಸಹಿ ಹಾಕಿದ್ದರು. ಸರ್ಜನ್ ಹೆಸರು ಗೊತ್ತಿತ್ತು, ಅರಿವಳಿಕೆ ಕೊಟ್ಟವರು ಯಾರೆಂದು ಗೊತ್ತಿರಲಿಲ್ಲ. ಖಾತೆ ನೋಡದೆ ಉದ್ದರಿ ಕೊಡದ ನಾವು ಜೀವದ ವಿಷಯದಲ್ಲಿ ಹೀಗೇಕೆ?

ಪೂರ್ತಿ ಮತ್ತು ಬಂದವರಿಗೆ ಅನೇಕ ಸಲ ಸ್ವಂತವಾಗಿ ಉಸಿರಾಡಲು ಆಗುವುದಿಲ್ಲ. ಶ್ವಾಸನಾಳಕ್ಕೆ ಕೊಳವೆ ಹೋಗದೆ, ಮಾಸ್ಕ್‌ನಿಂದಲೂ ಆಮ್ಲಜನಕ ತಲುಪದಿದ್ದರೆ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿ. 2005ರಲ್ಲಿ ಇಂಗ್ಲೆಂಡ್‌ನಲ್ಲಿ ಸಣ್ಣ ಸೈನಸ್ ಆಪರೇಷನ್‌ಗೆ ಹೋದ ಎಲೈನ್ ಬ್ರೋಮಿಲಿ ಮೃತಪಟ್ಟದ್ದು ಹೀಗೆಯೇ. ಅನುಭವಿ ವೈದ್ಯರಿದ್ದರು, ಗಂಟಲಿನಲ್ಲಿ ರಂಧ್ರ ಮಾಡುವ ಸಲಕರಣೆಯನ್ನು ನರ್ಸ್ ತಂದೂ ಇಟ್ಟಿದ್ದರು. ಆದರೆ ವೈದ್ಯರು ಕೊಳವೆ ಹಾಕುವ ಯತ್ನವನ್ನೇ ಮುಂದುವರಿಸಿದರು. ಅವರ ಪತಿ, ಪೈಲಟ್ ಮಾರ್ಟಿನ್, ಯಾರನ್ನೂ ಜೈಲಿಗೆ ಹಾಕಿಸಲು ಓಡಾಡಲಿಲ್ಲ. ವಿಮಾನ ಅಪಘಾತದಂತೆ ತನಿಖೆಯಾಗಲಿ, ಉಳಿದವರು ಕಲಿಯಲಿ ಎಂದರು.

ನಮ್ಮ ದೇಶದಲ್ಲೂ 2016ರಲ್ಲಿ ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಸಂಘ ಮಾರ್ಗಸೂಚಿ ಕೊಟ್ಟಿದೆ: ಕೊಳವೆ ಯತ್ನಕ್ಕೆ ಮಿತಿ ಇರಲಿ, ಆಗದಿದ್ದರೆ ಮುಂದಿನ ದಾರಿ ಮೊದಲೇ ಸಿದ್ಧವಿರಲಿ. ಹಾಗಾಗಿ ಪ್ರಶ್ನೆ ಇರುವುದು ನಿಯಮದ್ದಲ್ಲ, ಪಾಲನೆಯದ್ದು.

ನಾವೇನು ಮಾಡಬಹುದು? ಅರಿವಳಿಕೆ ತಜ್ಞರು ಯಾರು, ಮುಗಿಯುವ ತನಕ ಇರುತ್ತಾರಾ, ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರ ಇದೆಯಾ, ಐಸಿಯು ಎಷ್ಟು ದೂರ ಎಂದು ಕೇಳಿ. ಗೊರಕೆ, ಅಸ್ತಮಾ, ಅಲುಗಾಡುವ ಹಲ್ಲು, ಹಿಂದಿನ ಅರಿವಳಿಕೆಯ ತೊಂದರೆ ಮುಚ್ಚಿಡಬೇಡಿ. ಹೊಟ್ಟೆ ಖಾಲಿ ಇಡಿ ಅಂದರೆ ಇಡಿ, 'ಒಂದು ಚಾ' ಕೂಡ ಬೇಡ. ವಾಂತಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.

ಎಲ್ಲ ಸಾವೂ ನಿರ್ಲಕ್ಷ್ಯವಲ್ಲ. ಘೋರ ನಿರ್ಲಕ್ಷ್ಯ ಇದ್ದರಷ್ಟೇ ವೈದ್ಯರ ಮೇಲೆ ಕ್ರಿಮಿನಲ್ ಕೇಸು ಎಂದು ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಅನುಮಾನವಿದ್ದರೆ ಕಲ್ಲು ಎತ್ತಬೇಡಿ, ದಾಖಲೆ ಕೇಳಿ. 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ. 2019ರ ಗ್ರಾಹಕ ಕಾಯ್ದೆಯಂತೆ, ಕೊಲ್ಹಾಪುರದಲ್ಲಿ ಹಣ ಕೊಟ್ಟು ಪಡೆದ ಚಿಕಿತ್ಸೆಗೂ ಬೆಳಗಾವಿಯವರು ತಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು.

ಕೇಳುವುದು ಡಾಕ್ಟರಿಗೆ ಅವಮಾನವಲ್ಲ. ಒಳ್ಳೆಯ ಡಾಕ್ಟರ್ ಉತ್ತರ ಕೊಡುತ್ತಾರೆ.