ಬಿಸಿಲನ್ನು ಬೈಯುವ ಮೊದಲು ಫಿನ್ ನೋಡಿ

ಗಾಡಿ ಗರಂ ಆಯ್ತು ಅಂದ್ರೆ ನಮ್ಮ ಕಡೆ ಒಂದೇ ಉತ್ತರ: "ಬಿಸಲು ಭಾಳ ಅದ ರೀ." ಸೇಡಂನಲ್ಲೂ ಇದೇ, ವಾಡಿಯಲ್ಲೂ ಇದೇ, ವರ್ಕ್‌ಶಾಪ್‌ನಲ್ಲಿ ಎಟಿವಿ ಸುತ್ತ ನಿಂತ ನಮ್ಮ ಹುಡುಗರ ಬಾಯಲ್ಲೂ ಇದೇ. ಮೇ ತಿಂಗಳಲ್ಲಿ 42–43 ಡಿಗ್ರಿ ಅನ್ನೋದು ಕಲಬುರಗಿ ಜಿಲ್ಲೆಗೆ ಹೊಸದಲ್ಲ, ಹಾಗಾಗಿ ಈ ಉತ್ತರವನ್ನು ಯಾರೂ ಪ್ರಶ್ನಿಸಲ್ಲ. ಪ್ರಶ್ನಿಸಬೇಕು ಅಂತ ನಾವು ಹೇಳ್ತೀವಿ. ಯಾಕಂದ್ರೆ ತಪ್ಪನ್ನು ಬಿಸಿಲಿನ ಮೇಲೆ ಹಾಕಿದ ಕ್ಷಣಕ್ಕೆ ಹುಡುಕೋದು ನಿಂತುಹೋಗುತ್ತೆ. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸ್ತೀವಿ, ಚಾ ಕುಡೀತೀವಿ, ಮತ್ತೆ ಓಡಿಸ್ತೀವಿ. ಒಂದಿನ ಪಿಸ್ಟನ್ ಸಿಲಿಂಡರ್ ಒಳಗೆ ಕಚ್ಚಿಕೊಳ್ಳುತ್ತೆ. ಅಲ್ಲಿಗೆ ಟೀಮಿನ ಇಡೀ ವರ್ಷದ ದುಡ್ಡು, ನಿದ್ದೆಗೆಟ್ಟ ರಾತ್ರಿಗಳು, ಎಲ್ಲ ಮುಗೀತು.

ಸ್ವಲ್ಪ ಲೆಕ್ಕ ಹಾಕೋಣ. ಪಿಯುಸಿಯಲ್ಲಿ ಓದಿದ ನ್ಯೂಟನ್ನನ ತಣಿಯುವ ನಿಯಮ ಸಾಕು. ಗಾಳಿಯಿಂದ ತಣಿಯುವ ಎಂಜಿನ್ನಿನ ಫಿನ್ 180 ಡಿಗ್ರಿಯಲ್ಲಿದೆ ಅಂದುಕೊಳ್ಳಿ. ಹೊರಗಿನ ಗಾಳಿ 30 ಇದ್ದಾಗ ವ್ಯತ್ಯಾಸ 150, ಗಾಳಿ 45 ಆದಾಗ 135. ಅಂದ್ರೆ ಹೊರಹೋಗುವ ಶಾಖ ಕಡಿಮೆ ಆಗೋದು ನೂರಕ್ಕೆ ಹತ್ತರಷ್ಟು. ಇದು ಸಣ್ಣದಲ್ಲ, ಆದರೆ ಒಳ್ಳೆ ಸ್ಥಿತಿಯಲ್ಲಿರೋ ಎಂಜಿನ್ನನ್ನು ಕೊಲ್ಲುವಷ್ಟು ದೊಡ್ಡದೂ ಅಲ್ಲ. ಉಳಿದ ತಪ್ಪು ಬೇರೆ ಎಲ್ಲೋ ಇದೆ.

ನಮ್ಮ ಕಾಲೇಜುಗಳಲ್ಲಿ ಎಟಿವಿ ಅಂದ್ರೆ ಹೆಚ್ಚಾಗಿ ಬಾಜಾ ಎಸ್ಎಇ ಇಂಡಿಯಾ ಸ್ಪರ್ಧೆಯ ಗಾಡಿ. 2007ರಲ್ಲಿ ಇಂದೋರ್ ಹತ್ತಿರದ ಪೀಥಂಪುರದಲ್ಲಿ ಶುರುವಾದ ಸ್ಪರ್ಧೆ ಅದು. ಅಲ್ಲಿ ಟೀಮ್‌ಗಳು ವರ್ಷಗಟ್ಟಲೆ ಬಳಸಿದ್ದು ಬ್ರಿಗ್ಸ್ ಅಂಡ್ ಸ್ಟ್ರಾಟನ್ನಿನ 10 ಎಚ್‌ಪಿ, 305 ಸಿಸಿ, ಒಂದೇ ಸಿಲಿಂಡರಿನ ಎಂಜಿನ್. ರೇಡಿಯೇಟರ್ ಇಲ್ಲ. ಫ್ಲೈವೀಲ್ ಜೊತೆ ತಿರುಗುವ ಫ್ಯಾನು ಗಾಳಿ ಎಳೆದು, ಮೇಲಿನ ಶ್ರೌಡ್ ಒಳಗಿಂದ ಫಿನ್‌ಗಳ ಮೇಲೆ ನೂಕುತ್ತೆ, ಅಷ್ಟೇ. ಎಂಜಿನ್ ಒಳಗೆ ಕೈ ಹಾಕಿ ಬದಲಾವಣೆ ಮಾಡೋಕೆ ನಿಯಮ ಬಿಡಲ್ಲ. ಹಾಗಾಗಿ ನಮ್ಮ ಕೈಯಲ್ಲಿ ಉಳಿಯೋದು ಅದನ್ನು ಎಲ್ಲಿ ಕೂರಿಸ್ತೀವಿ, ಎಷ್ಟು ಸ್ವಚ್ಛ ಇಡ್ತೀವಿ ಅನ್ನೋದು ಮಾತ್ರ.

ಇಲ್ಲಿ ಜಾಣರು ಮಾಡುವ ಒಂದು ಕೆಲಸ ಇದೆ: ಗಾಳಿ ಚೆನ್ನಾಗಿ ಆಡಲಿ ಅಂತ ಶ್ರೌಡನ್ನೇ ಬಿಚ್ಚಿ ಇಡೋದು. ನೋಡೋಕೆ ಸರಿ ಅನ್ಸುತ್ತೆ. ನಿಜಕ್ಕೂ ಆಗೋದು ಉಲ್ಟಾ. ಫ್ಯಾನಿನ ಗಾಳಿಗೆ ದಾರಿ ತೋರಿಸೋದೇ ಆ ತಗಡು. ಅದಿಲ್ಲದಿದ್ರೆ ಗಾಳಿ ಸುಲಭ ಇರೋ ಕಡೆ ಹೋಗುತ್ತೆ, ಫಿನ್‌ಗಳ ಸಂದಿಗೆ ಹೋಗಲ್ಲ.

ಆ ಸಂದಿಯಲ್ಲಿ ಏನಿರುತ್ತೆ ಅನ್ನೋದೇ ನಮ್ಮ ನೆಲದ ವಿಷಯ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಎಲ್ಲ ಕೂತಿರೋದು ಸುಣ್ಣದ ಕಲ್ಲಿನ ಮೇಲೆ. ಮನೆಗಳಿಗೆ ಹಾಸುವ ಶಹಾಬಾದ್ ಪರ್ಸಿ ಅದೇ ಕಲ್ಲು, ಸಿಮೆಂಟ್ ಕಾರ್ಖಾನೆಗಳು ವಾಡಿ, ಮಳಖೇಡ, ಸೇಡಂಗೆ ಬಂದದ್ದೂ ಅದೇ ಕಲ್ಲಿಗೆ. ಲಾರಿ ಓಡಾಡುವ ರಸ್ತೆ ಪಕ್ಕದ ಗಿಡಗಳ ಎಲೆ ಬಣ್ಣ ನೋಡಿದವರಿಗೆ ಧೂಳಿನ ಬಗ್ಗೆ ಬೇರೆ ಹೇಳಬೇಕಿಲ್ಲ. ಒಣ ಧೂಳು ಒಂದೇ ಆದ್ರೆ ಗಾಳಿ ಹೊಡೆದ್ರೆ ಹೋಗುತ್ತೆ. ವಾಲ್ವ್ ಕವರ್ ಗ್ಯಾಸ್ಕೆಟ್‌ನಿಂದ ಒಂಚೂರು ಆಯಿಲ್ ಸೋರಿದ್ರೆ ಮಾತ್ರ ಕಷ್ಟ. ಆಯಿಲ್, ಧೂಳು ಸೇರಿ ಹಿಟ್ಟಿನ ಥರ ಆಗಿ ಫಿನ್ ನಡುವೆ ಬೇಯುತ್ತೆ. ಇನ್ನು ತೊಗರಿ ಹೊಲದ ಎರೆಮಣ್ಣು ಮಳೆಯಲ್ಲಿ ಹತ್ತಿಕೊಂಡು ಆಮೇಲೆ ಒಣಗಿತೋ, ಎಂಜಿನ್ನಿಗೆ ಕಂಬಳಿ ಹೊದಿಸಿದ ಹಾಗೆ. ಬ್ರಷ್ಷು, ಸೀಮೆಎಣ್ಣೆ, ಕಂಪ್ರೆಸರ್ ಗಾಳಿ ಸಾಕು. ಆದರೆ ಎಂಜಿನ್ ತಣ್ಣಗಾದ ಮೇಲೆ. ಬಿಸಿ ಎಂಜಿನ್ ಮೇಲೆ ಬಕೆಟ್ ನೀರು ಸುರಿಯೋ ವೀರರಿದ್ದಾರೆ, ಅವರನ್ನು ಕೈ ಹಿಡಿದು ನಿಲ್ಲಿಸಿ, ಲೋಹ ಬಿರುಕು ಬಿಡುತ್ತೆ.

ಇದೆಲ್ಲ ಗಾಳಿ ಎಂಜಿನ್ ಮಾತು. ದೊಡ್ಡ ಎಟಿವಿಗಳಲ್ಲಿ, ನಮ್ಮಲ್ಲಿ ಎಷ್ಟೋ ಜನರ ಮನೆಯ ಟ್ರ್ಯಾಕ್ಟರ್‌ನಲ್ಲಿ ರೇಡಿಯೇಟರ್ ಇರುತ್ತೆ. ಅಲ್ಲಿ ಬಿಸಿಲಿಗೆ ಜಾಸ್ತಿ ಪಾಲು ಇದೆ ಅಂತ ಒಪ್ಪಲೇಬೇಕು. ನೀರು 95 ಡಿಗ್ರಿ ಇದ್ರೆ, 30ರ ಗಾಳಿಗೆ ವ್ಯತ್ಯಾಸ 65, 45ರ ಗಾಳಿಗೆ ಬರೀ 50. ಕಾಲು ಭಾಗದ ಹತ್ತಿರ ಹೋಯ್ತು. ಆದರೆ ಅದಕ್ಕಿಂತ ದೊಡ್ಡ ಕಳ್ಳ ರೇಡಿಯೇಟರ್ ಒಳಗೇ ಇದ್ದಾನೆ, ಮತ್ತು ಅವನನ್ನು ಒಳಗೆ ಬಿಟ್ಟಿದ್ದು ಬೋರ್‌ವೆಲ್ ನೀರು.

ಹಾಸ್ಟೆಲಿನಲ್ಲಿ ನೀರು ಕಾಯಿಸುವ ಕಾಯಿಲ್ ತೆಗೆದು ನೋಡಿ, ಮೇಲೆ ಬಿಳಿ ಪದರ. ಸುಣ್ಣದ ಕಲ್ಲಿನ ನೆಲದ ನೀರಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತೆ, ಕಾಯಿಸಿದ್ರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಅಂಟಿಕೊಳ್ಳುತ್ತೆ. ಕಾರ್ಖಾನೆಯವರು ಸ್ಫೋಟಿಸಿ ತೆಗೆಯುವ ಕಲ್ಲನ್ನೇ ನಾವು ಚೊಂಬಿನಲ್ಲಿ ಎಂಜಿನ್ನಿಗೆ ಹಾಕ್ತಿದೀವಿ. ಎಲ್ಲಿ ಹೆಚ್ಚು ಬಿಸಿಯೋ ಅಲ್ಲೇ ಪದರ ಕಟ್ಟೋದು, ಅಂದ್ರೆ ಸಿಲಿಂಡರ್ ತಲೆಯ ಸುತ್ತ. ಅಲ್ಯೂಮಿನಿಯಂಗೆ ಹೋಲಿಸಿದ್ರೆ ಈ ಪದರ ಶಾಖ ದಾಟಿಸೋದು ನೂರನೇ ಒಂದು ಪಾಲಿನ ಆಸುಪಾಸು. ಹಾಗಾಗಿ ಮೀಟರ್‌ನಲ್ಲಿ ನೀರಿನ ಬಿಸಿ ಸರಿಯಾಗೇ ಕಾಣುತ್ತೆ, ಲೋಹ ಮಾತ್ರ ಒಳಗೊಳಗೆ ಸುಡ್ತಿರುತ್ತೆ. ಸೀನಿಯರ್‌ಗಳ ಹೀಟ್ ಟ್ರಾನ್ಸ್‌ಫರ್ ಪುಸ್ತಕದಲ್ಲಿ ಫೌಲಿಂಗ್ ಫ್ಯಾಕ್ಟರ್ ಅಂತ ಬರೋದು ಇದೇನೇ. ಎರಡು ಮಾರ್ಕಿನ ಪ್ರಶ್ನೆ ಅಂತ ಎಲ್ಲರೂ ದಾಟಿಹೋಗ್ತಾರೆ.

"ನಮ್ಮಲ್ಲೇನು ಹಿಮ ಬೀಳುತ್ತಾ, ಕೂಲೆಂಟ್ ಯಾಕೆ?" ಅಂತ ಕೇಳುವವರಿಗೆ ಉತ್ತರ: ಕೂಲೆಂಟ್ ತುಕ್ಕು ತಡೆಯುತ್ತೆ, ಕುದಿಯುವ ಮಟ್ಟವನ್ನೂ ಮೇಲೆತ್ತುತ್ತೆ. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತೆ. ರೇಡಿಯೇಟರ್ ಮುಚ್ಚಳವೂ ಬರೀ ಮುಚ್ಚಳ ಅಲ್ಲ. ಅದು ಹಿಡಿದಿಡುವ ಸುಮಾರು 1 ಬಾರ್ ಹೆಚ್ಚುವರಿ ಒತ್ತಡದಲ್ಲಿ ಬರೀ ನೀರು ಕೂಡ 120 ಡಿಗ್ರಿವರೆಗೆ ಕುದಿಯಲ್ಲ. ರಬ್ಬರ್ ಹಳೇದಾದ ಮುಚ್ಚಳ ಬದಲಿಸಿದ್ರೇ ಎಷ್ಟೋ ಗಾಡಿಗಳ ಕಾಯಿಲೆ ವಾಸಿ ಆಗುತ್ತೆ. ಬಿಸಿ ಇದ್ದಾಗ ತೆಗೆದ್ರೆ ಮುಖಕ್ಕೆ ಎರಚುತ್ತೆ, ಅದೂ ಇದೇ ಒತ್ತಡದ ಕೆಲಸ.

ಇನ್ನು ಕೆಲವು ಸಲ ಎಂಜಿನ್ ಬಿಸಿಯೇ ಆಗಿರಲ್ಲ. ಗಾಡಿ ಬಂದ್ ಬಿತ್ತು, ಹತ್ತು ನಿಮಿಷ ಬಿಟ್ಟು ತಾನೇ ಸ್ಟಾರ್ಟ್ ಆಯ್ತು ಅಂದ್ರೆ ಸೈಲೆನ್ಸರ್ ಪಕ್ಕ ಹಾದುಹೋಗಿರೋ ಪೆಟ್ರೋಲ್ ಪೈಪ್ ಮುಟ್ಟಿ ನೋಡಿ. ಒಳಗೆ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟಿರಬಹುದು. ಸುಟ್ಟ ವಾಸನೆ ಜಾರುತ್ತಿರುವ ಸಿವಿಟಿ ಬೆಲ್ಟಿನದಿರಬಹುದು. ನಾಲ್ಕೂ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಬ್ರೇಕ್ ಹಿಡಿದುಕೊಂಡಿದ್ರೆ ಪಾಪ ಎಂಜಿನ್ ಅದನ್ನೂ ಎಳೀತಿರುತ್ತೆ.

ಹಾಗಾದ್ರೆ ನಮ್ಮ ಟೀಮ್‌ಗಳು ಏನು ಮಾಡಬೇಕು? ಟೀ ಶರ್ಟ್, ಸ್ಟಿಕ್ಕರ್‌ಗೆ ದುಡ್ಡು ಎತ್ತುವ ಮೊದಲು ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ತಗೊಳ್ಳಲಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತೋರಿಸಿ ಮೋಸ ಮಾಡುತ್ತೆ, ಆದ್ದರಿಂದ ಸಿಲಿಂಡರ್ ತಲೆ ಮೇಲೆ ಶಾಖ ತಾಳುವ ಕಪ್ಪು ಮ್ಯಾಟ್ ಬಣ್ಣದ ಒಂದು ಚುಕ್ಕೆ ಇಟ್ಟು, ಯಾವಾಗಲೂ ಅಲ್ಲೇ ಅಳೆಯಬೇಕು. ಎರಡನೇದು, ಕ್ಯಾಂಪಸ್ಸಿನ ಡಾಂಬರ್ ರಸ್ತೆ ಮೇಲೆ ಎರಡು ಸುತ್ತು ಹೊಡೆದು ಟೆಸ್ಟಿಂಗ್ ಮುಗೀತು ಅನ್ನೋದು ಬಿಡಬೇಕು. ಸ್ಪರ್ಧೆಯ ಎಂಡ್ಯೂರೆನ್ಸ್ ಓಟ 4 ಗಂಟೆಯದು. ತೊಗರಿ ಕೊಯ್ದು ಖಾಲಿ ಬಿದ್ದ ಚಿತ್ತಾಪುರದ ಹೊಲ, ಚಿಂಚೋಳಿ ಕಡೆಯ ಕೆಂಪು ಕಲ್ಲಿನ ದಿಬ್ಬ (ಕಾಡಿನೊಳಗೆ ಬೇಡ, ಅದು ವನ್ಯಜೀವಿಧಾಮ) ನಮಗೆ ಬಸ್ ಚಾರ್ಜಿನ ದೂರದಲ್ಲಿವೆ. ಮಾಲೀಕರನ್ನು ಕೇಳಿ, ಏಪ್ರಿಲ್ ಮಧ್ಯಾಹ್ನ 4 ಗಂಟೆ ಓಡಿಸಿ, ಪ್ರತಿ 15 ನಿಮಿಷಕ್ಕೆ ಚುಕ್ಕೆಯ ಬಿಸಿ, ಗಾಳಿಯ ಬಿಸಿ ಎರಡನ್ನೂ ಬರೆದಿಡಿ. ಆಮೇಲೆ ಫಿನ್ ಸ್ವಚ್ಛ ಮಾಡಿ ಅದೇ ಹೊಲದಲ್ಲಿ ಇನ್ನೊಂದು ದಿನ ಓಡಿಸಿ. ಎರಡೂ ಹಾಳೆ ಪಕ್ಕಪಕ್ಕ ಇಟ್ಟು, ಬಿಸಿಲಿನ ಪಾಲು ಎಷ್ಟು, ನಮ್ಮ ಪಾಲು ಎಷ್ಟು ಅಂತ ಮುಂದಿನ ಸಂಚಿಕೆಗೆ ಬರೆದು ಕಳಿಸಿ.